ಮೂರೂ ದಾಖಲೆ ಹಾಕಿದ್ದೇವೆ, ಆದರೂ ಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ ಎನ್ನುವವರಿಗೆ

ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಎಸ್‌ಪಿಎಫ್ ಎಂದರೇನು, ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆ ಸೇರಿಸುವುದು ಹೇಗೆ ಎಂದೆಲ್ಲ ಇಲ್ಲಿ ವಿವರವಾಗಿ ಹೇಳಲು ಹೋಗುವುದಿಲ್ಲ. ಅಷ್ಟು ಗೊತ್ತಿಲ್ಲದವರು ಕಂಪನಿಯ ಡಿಎನ್‌ಎಸ್‌ಗೆ ಕೈ ಹಾಕದಿರುವುದೇ ಲೇಸು. ನೆನಪಿಗೆ ಇಷ್ಟು ಸಾಕು: ಎಸ್‌ಪಿಎಫ್ ನಿಮ್ಮ ಪರವಾಗಿ ಮೇಲ್ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ, ಡಿಕಿಮ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ, ಇವೆರಡರಲ್ಲಿ ಯಾವುದೂ ನಿಮ್ಮ ಹೆಸರಿಗೆ ಹೊಂದದಿದ್ದರೆ ಆ ಮೇಲ್ ಅನ್ನು ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್; ಮೂರರ ದಾಖಲೆಯೂ ಡೊಮೇನ್‌ನ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿರುತ್ತದೆ.

ಪ್ರಶ್ನೆ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಸಿದ್ದೇವೆ. ಪರೀಕ್ಷಿಸುವ ವೆಬ್‌ಸೈಟ್ ಮೂರಕ್ಕೂ ಹಸಿರು ಟಿಕ್ ಕೊಡುತ್ತದೆ. ಆದರೂ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಹೋಗುವ ಇನ್‌ವಾಯ್ಸ್‌ಗಳು ಗ್ರಾಹಕರ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತಿವೆ. ಸಾಲದ್ದಕ್ಕೆ, ನಾವು ಕಳಿಸದ ಮೇಲ್‌ಗಳು ನಮ್ಮದೇ ವಿಳಾಸದಿಂದ ಅವರಿಗೆ ತಲುಪಿವೆ. ಸಾಫ್ಟ್‌ವೇರ್‌ನವರು ‘ಎಸ್‌ಪಿಎಫ್‌ನಲ್ಲಿ ನಮ್ಮ ಇನ್‌ಕ್ಲೂಡ್ (ನಮ್ಮ ಸರ್ವರ್‌ಗಳನ್ನೂ ಒಪ್ಪಿ ಎನ್ನುವ ಸಾಲು) ಸೇರಿಸಿ’ ಎಂದರು, ಸೇರಿಸಿದೆವು. ಏನೂ ಬದಲಾಗಲಿಲ್ಲ.

ಉತ್ತರ: ಬದಲಾಗುವುದೂ ಇಲ್ಲ. ಆ ಹಸಿರು ಟಿಕ್ ಹೇಳುವುದು ದಾಖಲೆ ಇದೆ, ಅದರ ಬರವಣಿಗೆ ಸರಿಯಿದೆ ಎಂದಷ್ಟೇ. ನಿಮ್ಮ ಇನ್‌ವಾಯ್ಸ್ ಯಾವ ಸರ್ವರ್‌ನಿಂದ ಹೊರಟಿತು, ಯಾರ ಸಹಿ ಹೊತ್ತು ಹೋಯಿತು ಎಂಬುದು ಆ ವೆಬ್‌ಸೈಟ್‌ಗೆ ಗೊತ್ತೇ ಇರುವುದಿಲ್ಲ.

ಮೊದಲು ಒಂದು ನಿಜವಾದ ಇನ್‌ವಾಯ್ಸ್ ಅನ್ನು ಅದೇ ಸಾಫ್ಟ್‌ವೇರ್‌ನಿಂದ ನಿಮ್ಮದೊಂದು ಜಿಮೇಲ್ ಖಾತೆಗೆ ಕಳಿಸಿ. ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ. ಅಲ್ಲಿ ಮೂರು ಡೊಮೇನ್ ಹುಡುಕಿ: ಓದುಗನಿಗೆ ಕಾಣುವ ‘ಫ್ರಮ್’ ವಿಳಾಸದ್ದು, ‘ರಿಟರ್ನ್ ಪಾತ್’ನದ್ದು, ಡಿಕಿಮ್ ಸಿಗ್ನೇಚರ್ ಸಾಲಿನಲ್ಲಿ ‘ಡಿ’ ಟ್ಯಾಗ್‌ನ ಮುಂದಿರುವುದು. ರಿಟರ್ನ್ ಪಾತ್ ಲಕೋಟೆಯ ಮೇಲಿನ ವಿಳಾಸವಿದ್ದಂತೆ, ಫ್ರಮ್ ಒಳಗಿನ ಲೆಟರ್‌ಹೆಡ್ ಇದ್ದಂತೆ. ಎಸ್‌ಪಿಎಫ್ ಪರೀಕ್ಷಿಸುವುದು ಲಕೋಟೆಯನ್ನು ಮಾತ್ರ.

ನಿಮ್ಮ ವಿಷಯದಲ್ಲಿ ಬಹುತೇಕ ಹೀಗಿರುತ್ತದೆ: ಫ್ರಮ್ ನಿಮ್ಮದು, ರಿಟರ್ನ್ ಪಾತ್ ಬಿಲ್ಲಿಂಗ್ ಸೇವೆಯವರದು, ಡಿಕಿಮ್ ಸಹಿಯೂ ಅವರದೇ. ಎಸ್‌ಪಿಎಫ್ ಪಾಸ್, ಆದರೆ ಅವರ ಹೆಸರಿನಲ್ಲಿ. ಡಿಕಿಮ್ ಪಾಸ್, ಅದೂ ಅವರ ಹೆಸರಿನಲ್ಲಿ. ಡಿಮಾರ್ಕ್ ಫೇಲ್. ಎರಡರಲ್ಲಿ ಒಂದಾದರೂ ಪಾಸ್ ಆಗಿ, ಆ ಡೊಮೇನ್ ಫ್ರಮ್‌ನ ಡೊಮೇನ್‌ಗೆ ಹೊಂದಿದರೆ ಮಾತ್ರ ಡಿಮಾರ್ಕ್ ಒಪ್ಪುತ್ತದೆ. ಲಕೋಟೆಯೇ ಅವರದಾಗಿರುವಾಗ ನಿಮ್ಮ ಎಸ್‌ಪಿಎಫ್ ಅನ್ನು ಯಾರೂ ತೆರೆದು ನೋಡುವುದಿಲ್ಲ. ಅಂದ ಮೇಲೆ ಅಲ್ಲಿ ಅವರ ಇನ್‌ಕ್ಲೂಡ್ ಸೇರಿಸಿ ಫಲವೇನು? ಸಹಾಯವಾಣಿಯವರು ಈ ಉತ್ತರವನ್ನು ಬಾಯಿಪಾಠದಂತೆ ಒಪ್ಪಿಸುವುದನ್ನು ಬಿಟ್ಟರೆ ಅರ್ಧ ಪತ್ರಗಳು ಕಡಿಮೆಯಾದಾವು.

ಮಾಡಬೇಕಾದದ್ದು ಬೇರೆ. ಆ ಸೇವೆಯ ಸೆಟಿಂಗ್ಸ್‌ನಲ್ಲಿ ‘ಡೊಮೇನ್ ಆಥೆಂಟಿಕೇಶನ್’ ಅಥವಾ ಅಂಥದೇ ಹೆಸರಿನ ಪುಟ ಇರುತ್ತದೆ. ಅದು ಸಾಮಾನ್ಯವಾಗಿ ಎರಡು ಮೂರು ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದು ಹೆಸರಿನತ್ತ ತೋರಿಸುವ ಡಿಎನ್‌ಎಸ್ ಸಾಲು) ಕೊಡುತ್ತದೆ. ಅವನ್ನು ನಿಮ್ಮ ಡಿಎನ್‌ಎಸ್‌ಗೆ ಹಾಕಿ, ಅಲ್ಲಿ ವೆರಿಫೈ ಒತ್ತಿದ ಮೇಲೆ ಸಹಿ ನಿಮ್ಮ ಡೊಮೇನ್‌ನ ಹೆಸರಿಗೆ ಬರುತ್ತದೆ. ಮತ್ತೆ ಒಂದು ಇನ್‌ವಾಯ್ಸ್ ಕಳಿಸಿ ‘ಡಿ’ ಟ್ಯಾಗ್ ನೋಡಿ. ಬದಲಾಗಿಲ್ಲದಿದ್ದರೆ ಕಾರಣ ಹೆಚ್ಚಾಗಿ ಈ ಮೂರರಲ್ಲೊಂದು. ಡಿಎನ್‌ಎಸ್ ಪ್ಯಾನೆಲ್ ಹೆಸರಿನ ಕೊನೆಗೆ ಡೊಮೇನ್ ಅನ್ನು ತಾನೇ ಅಂಟಿಸುತ್ತದೆ, ನೀವೂ ಪೂರ್ತಿ ಹೆಸರು ಬರೆದಿರುತ್ತೀರಿ, ಡೊಮೇನ್ ಎರಡು ಸಲ ಕೂತಿರುತ್ತದೆ. ಇಲ್ಲವೇ ಆ ಸಿನೇಮ್‌ಗೆ, ದಾಖಲೆಯ ನಿಜವಾದ ಗುರಿಯನ್ನು ಮರೆಮಾಡುವ ಪ್ರಾಕ್ಸಿ ಸ್ವಿಚ್ ಆನ್ ಆಗಿರುತ್ತದೆ. ಸಹಿಯನ್ನು ಪರೀಕ್ಷಿಸುವ ಡಿಕಿಮ್ ಕೀಲಿಯನ್ನು ನೇರವಾಗಿ ಟಿಎಕ್ಸ್‌ಟಿಯಲ್ಲಿ ಹಾಕಿದ್ದರೆ, 2048 ಬಿಟ್‌ನ ಕೀಲಿ ಒಂದು ತುಂಡಿನ ಮಿತಿಯಾದ 255 ಅಕ್ಷರ ಮೀರುತ್ತದೆ; ಎರಡು ತುಂಡು ಮಾಡಿ ಪ್ರತ್ಯೇಕ ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಕೆಲವು ಪ್ಯಾನೆಲ್‌ಗಳು ಬಾಲವನ್ನು ಸದ್ದಿಲ್ಲದೆ ಕತ್ತರಿಸುತ್ತವೆ.

ಇನ್ನು ಎಸ್‌ಪಿಎಫ್. ಸಿಕ್ಕವರ ಇನ್‌ಕ್ಲೂಡ್‌ಗಳನ್ನೆಲ್ಲ ಪೇರಿಸಿದ್ದರೆ ಈಗಲೇ ಎಣಿಸಿ. ಒಂದು ಪರೀಕ್ಷೆಯಲ್ಲಿ ಡಿಎನ್‌ಎಸ್ ಹುಡುಕಾಟ 10ನ್ನು ಮೀರುವಂತಿಲ್ಲ. ಇನ್‌ಕ್ಲೂಡ್, ಎ, ಎಂಎಕ್ಸ್, ರೀಡೈರೆಕ್ಟ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಒಂದು ಇನ್‌ಕ್ಲೂಡ್‌ನ ಹೊಟ್ಟೆಯಲ್ಲಿರುವ ಇನ್‌ಕ್ಲೂಡ್‌ಗಳೂ ಸಹ. ನೇರ ಐಪಿ ವಿಳಾಸಗಳು ಲೆಕ್ಕಕ್ಕಿಲ್ಲ. 11ನೆಯದಕ್ಕೆ ಬಂದರೆ ಬರುವುದು ‘ಪರ್ಮ್ ಎರರ್’, ಅಂದರೆ ದಾಖಲೆಯೇ ತಪ್ಪು ಎಂಬ ದೋಷ. ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ದಾಖಲೆ ಇದ್ದರೂ ಅದೇ ಫಲ. ಎಂದೋ ಬಿಟ್ಟ ಸೇವೆಗಳ ಇನ್‌ಕ್ಲೂಡ್ ತೆಗೆದರೆ ಹೆಚ್ಚಿನ ಕಡೆ ಲೆಕ್ಕ ತಾನಾಗಿ ಇಳಿಯುತ್ತದೆ. ಎಲ್ಲವನ್ನೂ ಐಪಿಗಳಾಗಿ ‘ಫ್ಲ್ಯಾಟನ್’ ಮಾಡಿಕೊಡುತ್ತೇವೆ ಎನ್ನುವವರ ಬಗ್ಗೆ ಹುಷಾರಾಗಿರಿ: ಸೇವೆಯವರು ಐಪಿ ಬದಲಿಸಿದ ದಿನ ನಿಮ್ಮ ಪಟ್ಟಿ ಹಳತಾಗಿರುತ್ತದೆ, ನಿಮಗೆ ಹೇಳುವವರಿರುವುದಿಲ್ಲ.

ನಕಲಿ ಮೇಲ್‌ಗಳ ವಿಷಯಕ್ಕೆ ಬರೋಣ. ನಿಮ್ಮ ಡಿಮಾರ್ಕ್‌ನಲ್ಲಿ ‘ಪಿ’ ಟ್ಯಾಗ್‌ಗೆ ‘ನನ್’ ಎಂದಿರಬೇಕು. ‘ನೋಡುತ್ತಿರಿ, ಏನೂ ಮಾಡಬೇಡಿ’ ಎಂದು ಜಗತ್ತಿಗೆಲ್ಲ ಹೇಳಿ, ಯಾರೂ ತಡೆಯಲಿಲ್ಲ ಎಂದು ದೂರಿದರೆ ಹೇಗೆ? ಹಾಗೆಂದು ಇವತ್ತೇ ‘ರಿಜೆಕ್ಟ್’ಗೆ ಹಾರಬೇಡಿ, ನಿಮ್ಮದೇ ಇನ್‌ವಾಯ್ಸ್‌ಗಳು ಸಾಯುತ್ತವೆ. ‘ರುವಾ’ ಟ್ಯಾಗ್‌ನಲ್ಲಿ ಒಂದು ವಿಳಾಸ ಕೊಡಿ. ದೊಡ್ಡ ಮೇಲ್ ಸೇವೆಗಳು ಸಾಮಾನ್ಯವಾಗಿ ದಿನಕ್ಕೊಂದು ಎಕ್ಸ್‌ಎಂಎಲ್ ವರದಿ ಕಳಿಸುತ್ತವೆ: ಯಾವ ಐಪಿಯಿಂದ ನಿಮ್ಮ ಹೆಸರಿನಲ್ಲಿ ಎಷ್ಟು ಮೇಲ್ ಬಂತು, ಯಾವುದು ಪಾಸ್, ಯಾವುದು ಫೇಲ್. ಆ ವಿಳಾಸ ಬೇರೆ ಡೊಮೇನ್‌ನದಾದರೆ ಆ ಡೊಮೇನ್‌ನವರೂ ಒಪ್ಪಿಗೆಯ ದಾಖಲೆ ಹಾಕಬೇಕು, ಇಲ್ಲದಿದ್ದರೆ ವರದಿ ಬರುವುದಿಲ್ಲ. ಬರಿಗಣ್ಣಲ್ಲಿ ಓದುವ ಸಾಹಸ ಬೇಡ, ಓದಿಕೊಡುವ ಸಾಧನಗಳಿವೆ. ಕಡೇಪಕ್ಷ ಒಂದು ಪೂರ್ತಿ ಬಿಲ್ಲಿಂಗ್ ಸುತ್ತು ಮುಗಿಯುವವರೆಗೆ ಕಾಯಿರಿ. ಮರೆತುಹೋದವರೆಲ್ಲ ಆಗ ಹೊರಬರುತ್ತಾರೆ: ಸಂಬಳದ ಚೀಟಿ ಕಳಿಸುವ ಸಾಫ್ಟ್‌ವೇರ್, ಸ್ಕ್ಯಾನ್ ಮಾಡಿ ಮೇಲ್ ಮಾಡುವ ಪ್ರಿಂಟರ್, ವೆಬ್‌ಸೈಟ್‌ನ ಸಂಪರ್ಕ ಫಾರ್ಮ್. ಈ ಫಾರ್ಮ್‌ಗಳು ತುಂಬಿದವರ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕುವ ಕೆಟ್ಟ ಚಾಳಿ ಇಟ್ಟುಕೊಂಡಿವೆ. ಫ್ರಮ್‌ನಲ್ಲಿ ನಿಮ್ಮ ವಿಳಾಸ ಇರಲಿ, ಅವರದು ‘ರಿಪ್ಲೈ ಟು’ನಲ್ಲಿರಲಿ. ನಿಮ್ಮ ಮೂಲಗಳೆಲ್ಲ ಪಾಸ್ ಆದ ಮೇಲೆ ‘ಕ್ವಾರಂಟೀನ್’, ಕೆಲವು ವಾರ ದೂರು ಬಾರದಿದ್ದರೆ ‘ರಿಜೆಕ್ಟ್’. ಮೇಲ್ ಕಳಿಸದ ಡೊಮೇನ್‌ಗಳಿದ್ದರೆ ಅವಕ್ಕೆ ಇವತ್ತೇ ರಿಜೆಕ್ಟ್ ಹಾಕಿ, ಅಲ್ಲಿ ಕಾಯಲು ಏನೂ ಇಲ್ಲ.

ಇಷ್ಟಾದರೂ ಒಂದಕ್ಷರ ಬದಲಿಸಿದ ಡೊಮೇನ್ ಕೊಂಡು ಬರೆಯುವವರನ್ನು ಡಿಮಾರ್ಕ್ ತಡೆಯುವುದಿಲ್ಲ. ಇನ್ನೊಂದು ಮಾತು: ಗ್ರಾಹಕರಿಂದ ಆ ನಕಲಿ ಮೇಲ್‌ನ ಹೆಡರ್ ತರಿಸಿ ನೋಡಿ. ಅದರಲ್ಲಿ ಎಲ್ಲವೂ ಪಾಸ್ ಆಗಿದ್ದರೆ ಅದು ನಕಲಿಯಲ್ಲ, ನಿಮ್ಮ ಖಾತೆಯೊಳಗೇ ಯಾರೋ ಕೂತಿರುವ ಸಾಧ್ಯತೆ ಹೆಚ್ಚು. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಫಾರ್ವರ್ಡ್ ನಿಯಮಗಳನ್ನೂ ಆ್ಯಪ್ ಪಾಸ್‌ವರ್ಡ್‌ಗಳನ್ನೂ ಒಂದೊಂದಾಗಿ ನೋಡಿ ಅಳಿಸಿ.

ಪ್ರಶ್ನೆ: ಸಬ್ಜೆಕ್ಟ್‌ನಲ್ಲಿ ಬಳಸಬಾರದ ಪದಗಳ ಪಟ್ಟಿ ಕೊಡಿ.

ಉತ್ತರ: ಅಂಥ ಪಟ್ಟಿ ಇಲ್ಲ. ಮಾರುವವರಿದ್ದಾರೆ, ಕೊಳ್ಳಬೇಡಿ.

ಪ್ರಶ್ನೆ: ‘ವೆರಿಫೈಡ್’ ಇಮೇಲ್ ವಿಳಾಸಗಳ ಪಟ್ಟಿ ಅಗ್ಗಕ್ಕೆ ಸಿಗುತ್ತಿದೆ. ಕಳಿಸಿ ನೋಡಬಹುದೇ?

ಉತ್ತರ: ಬೇಡ. ವೆರಿಫೈಡ್ ಎಂದರೆ ಆ ಪೆಟ್ಟಿಗೆ ಮೇಲ್ ಸ್ವೀಕರಿಸುತ್ತದೆ ಎಂದಷ್ಟೇ, ಯಾರೋ ಒಪ್ಪಿದ್ದಾರೆ ಎಂದಲ್ಲ. ಸ್ಪ್ಯಾಮರ್‌ಗಳನ್ನು ಹಿಡಿಯಲೆಂದೇ ಇಟ್ಟ ವಿಳಾಸಗಳೂ ಮೇಲ್ ಸ್ವೀಕರಿಸುತ್ತವೆ.

ಪ್ರಶ್ನೆ: ಅನ್‌ಸಬ್‌ಸ್ಕ್ರೈಬ್ ಎದ್ದು ಕಾಣುವಂತೆ ಹಾಕಿದರೆ ಜನ ಬಿಟ್ಟುಹೋಗುತ್ತಾರಲ್ಲ?

ಉತ್ತರ: ಹೋಗಲಿ. ಆ ಗುಂಡಿ ಸಿಗದವರು ‘ಸ್ಪ್ಯಾಮ್’ ಗುಂಡಿ ಒತ್ತುತ್ತಾರೆ. ದೂರಿನ ಪ್ರಮಾಣ ಶೇ 0.1ರ ಕೆಳಗಿರಲಿ, ಶೇ 0.3 ಮುಟ್ಟಲೇಬಾರದು ಎನ್ನುತ್ತದೆ ಜಿಮೇಲ್. ಅಂದರೆ 1,000 ಮೇಲ್‌ಗೆ 3 ದೂರು ಬಂದರೆ ಕಥೆ ಮುಗಿಯಿತು. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ, ಪ್ರಚಾರದ ಮೇಲ್‌ನಲ್ಲಿ ಒಂದೇ ಕ್ಲಿಕ್‌ನ ಅನ್‌ಸಬ್‌ಸ್ಕ್ರೈಬ್ ಇರಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು ಎಂಬ ನಿಯಮವನ್ನು ಅದು 2024ರಲ್ಲಿ ತಂದಿತು. ಲಾಗಿನ್ ಕೇಳುವ ಪುಟ ಒಂದು ಕ್ಲಿಕ್ ಅಲ್ಲ. ಅಂದ ಹಾಗೆ, ಪ್ರಚಾರಕ್ಕೆ ಪ್ರತ್ಯೇಕ ಸಬ್‌ಡೊಮೇನ್ ಬಳಸಿ. ಅದರ ಮೇಲಿನ ಸಿಟ್ಟಿಗೆ ನಿಮ್ಮ ಇನ್‌ವಾಯ್ಸ್‌ಗಳೇಕೆ ಬಲಿಯಾಗಬೇಕು?

ಪ್ರಶ್ನೆ: ಹಣ ಕೊಟ್ಟರೆ ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಯಿಂದ ಹೆಸರು ತೆಗೆಸುತ್ತೇವೆ ಎನ್ನುತ್ತಾರೆ, ನಂಬಬಹುದೇ?

ಉತ್ತರ: ಸ್ಪ್ಯಾಮ್‌ಹೌಸ್‌ನಂಥ ಮುಖ್ಯ ಪಟ್ಟಿ ಹೆಸರು ತೆಗೆಯಲು ಕಾಸು ಕೇಳುವುದಿಲ್ಲ. ಸೇರಿದ ಕಾರಣ ಸರಿಪಡಿಸದೆ ತೆಗೆಸಿದರೆ ಮತ್ತೆ ಸೇರುತ್ತೀರಿ.

ಪ್ರಶ್ನೆ: ನಮ್ಮದೇ ಮೇಲ್ ಸರ್ವರ್ ಇದೆ. ಸ್ಪ್ಯಾಮ್‌ಹೌಸ್ ಪಟ್ಟಿ ಜೋಡಿಸಿದ ಮೇಲೆ ಎಲ್ಲರ ಮೇಲ್ ಕೂಡ ವಾಪಸಾಗುತ್ತಿದೆ. ನಮ್ಮ ಡೊಮೇನ್ ಅನ್ನು ಬಿಳಿಪಟ್ಟಿಗೆ ಹಾಕಿದ್ದರಿಂದ ಒಳಗಿನ ಮೇಲ್ ಮಾತ್ರ ಓಡಾಡುತ್ತಿದೆ.

ಉತ್ತರ: ಸರ್ವರ್ 8.8.8.8ನಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಮೂಲಕ ಕೇಳುತ್ತಿರಬೇಕು. ಆಗ ಸ್ಪ್ಯಾಮ್‌ಹೌಸ್ 127.255.255.254 ಎಂಬ ದೋಷಸಂಕೇತ ಕೊಡುತ್ತದೆ. ಯಾವ ಉತ್ತರ ಬಂದರೂ ‘ಪಟ್ಟಿಯಲ್ಲಿದೆ’ ಎಂದು ತಿಳಿಯುವ ಫಿಲ್ಟರ್ ಎಲ್ಲರನ್ನೂ ತಳ್ಳುತ್ತದೆ. ನಿಮ್ಮದೇ ರಿಸಾಲ್ವರ್ ಓಡಿಸಿ, 127.0.0 ಇಂದ ಶುರುವಾಗುವ ಸಂಕೇತಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ತಳ್ಳುವುದಿದ್ದರೆ ಸಂಪರ್ಕದಲ್ಲಿರುವಾಗಲೇ 550 (ಸ್ವೀಕರಿಸುವುದಿಲ್ಲ) ಎಂದು ತಳ್ಳಿ. ಒಳಗೆ ಬಿಟ್ಟುಕೊಂಡು ಆಮೇಲೆ ಬೌನ್ಸ್ ಮಾಡಿದರೆ ಅದು ಹೋಗುವುದು ವಿಳಾಸ ಕದಿಯಲ್ಪಟ್ಟ ಪಾಪದವರಿಗೆ. ಬಿಳಿಪಟ್ಟಿಯಿಂದ ನಿಮ್ಮ ಡೊಮೇನ್ ಅನ್ನು ಇಂದೇ ತೆಗೆಯಿರಿ. ‘ಮಾಲೀಕರ’ ಹೆಸರಿನಲ್ಲಿ ಹಣ ಕಳಿಸಲು ಹೇಳುವ ಮೇಲ್‌ಗಳು ಫಿಲ್ಟರ್ ತಪ್ಪಿಸಿಕೊಂಡು ಒಳಬರುವುದು ಆ ಒಂದು ಸಾಲಿನಿಂದಲೇ. ಒಳಗಿನವರ ಮೇಲ್‌ಗೆ ವಿನಾಯಿತಿ ಬೇಕಾದರೆ ಪಾಸ್‌ವರ್ಡ್ ಕೊಟ್ಟು 587ನೇ ಪೋರ್ಟ್‌ನಿಂದ ಬಂದವರಿಗೆ ಕೊಡಿ, ಫ್ರಮ್‌ನಲ್ಲಿ ಬರೆದ ಹೆಸರಿಗಲ್ಲ.