ಈಸ್ಟರ್ ಬೆಳಗ್ಗೆ ಸಿಮೆಟ್ರಿಯಲ್ಲಿ ಹೆಸರು ಓದುವುದನ್ನು ಚಿಕ್ಕದು ಮಾಡಬಹುದೇ?

ನಿಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಈಸ್ಟರ್ ಬೆಳಗ್ಗೆ ತೀರಿಹೋದವರ ಹೆಸರು ಓದಲು ಅರ್ಧ ಗಂಟೆ ಹಿಡಿಯುತ್ತದೆ, ಮಕ್ಕಳು ಆಕಳಿಸುತ್ತಾರೆ, ಪರದೆಯ ಮೇಲೆ ಫೋಟೊ ತೋರಿಸಿ ಐದು ನಿಮಿಷಕ್ಕೆ ಮುಗಿಸೋಣ ಎಂದು ಯುವಕರು ಹೇಳುತ್ತಿದ್ದಾರೆ. ಯಾರಿಗೂ ಬೇಸರವಾಗದ ದಾರಿ ಯಾವುದು ಅಂತ ಕೇಳಿದ್ದೀರಿ. ಮಾರಾಯರೇ, ನೀವು ಮಾಡಲು ಹೊರಟದ್ದನ್ನು ನಾನು 2017ರಲ್ಲೇ ಮಾಡಿ ಮುಗಿಸಿದವನು.

ಆಗ ನಾನು ಸಭೆಯ ಕಾರ್ಯದರ್ಶಿ. ನಲವತ್ತು ದಾಟಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಸರಿಮಾಡುವ ಹುಚ್ಚು. ನಮ್ಮದು ಮಂಗಳೂರು, ಉಡುಪಿ ನಡುವಿನ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದ ಸಣ್ಣ ಸಭೆ, ಈಗ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ (ಸಿ.ಎಸ್.ಐ.) ಸೇರಿದ್ದು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಈಸ್ಟರ್ ದಿನ ಬೆಳಗ್ಗೆ ಐದಕ್ಕೆ ಮೇಣದಬತ್ತಿ ಹಿಡಿದು ದೇವಾಲಯದ ಹಿಂದಿನ ಗುಡ್ಡೆ ಹತ್ತುತ್ತೇವೆ, ನಮ್ಮ ಸಿಮೆಟ್ರಿ ಅಲ್ಲಿರುವುದು. ಒಂದು ಗೀತೆ, ಒಂದು ಪಾಠ, ಆಮೇಲೆ ಸಭಾ ಹಿರಿಯರೊಬ್ಬರು ಮುರಕಲ್ಲಿನ ಕಟ್ಟೆಯ ಮೇಲೆ ನಿಂತು ಒಂದು ಉದ್ದ ಲೆಕ್ಕದ ಪುಸ್ತಕದಿಂದ ಹೆಸರು ಓದಬೇಕು. ಮೊದಲ ಹೆಸರಿನಿಂದ ಕೊನೆಯದರವರೆಗೆ.

ಆ ಪುಸ್ತಕವನ್ನು 1960ರ ದಶಕದಲ್ಲಿ ನಿವೃತ್ತ ಮಾಸ್ತರೊಬ್ಬರು ಸಮಾಧಿ ರಿಜಿಸ್ಟರ್ ನೋಡಿ ಕೈಯಲ್ಲಿ ಬರೆದದ್ದು. ಆಮೇಲಿನವರ ಹೆಸರನ್ನು ಆಯಾ ಕಾಲದ ಹಿರಿಯರು ಕೆಳಗೆ ಸೇರಿಸುತ್ತ ಬಂದಿದ್ದರು. ಹಳೆಯ ಪುಟಗಳಲ್ಲಿ ಮನೆ ಹೆಸರೇ ಇಲ್ಲ. ಯೋಸೇಫ, ಹಂಚಿನ ಕಾರ್ಖಾನೆ. ಸುಶೀಲೆ, ಅನಾಥಶಾಲೆಯ ಹುಡುಗಿ, 11 ವರ್ಷ. ಹೆಸರಿಡುವ ಮೊದಲೇ ಹೋದ ಕೂಸು, ತಂದೆ ಸಮುವೇಲ. ನಮ್ಮಲ್ಲಿ ಕೆಲವರ ಅಜ್ಜನ ಅಜ್ಜಂದಿರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಮಿಶನ್ ಕಾರ್ಖಾನೆಯಲ್ಲಿ ಹಂಚು ಒತ್ತಿದವರು, ಕೆಲವರದು ನೇಯ್ಗೆ. 1918ರ ಜ್ವರದ ಪುಟ ಬಂದಾಗ ಒಂದೇ ಮನೆಯ ನಾಲ್ವರ ಹೆಸರು ಬೆನ್ನುಬೆನ್ನಿಗೆ ಬರುತ್ತಿತ್ತು, ಓದುವವರು ಅಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡುತ್ತಿದ್ದರು.

ನಾನು ವಾಚು ಹಿಡಿದು ಅಳೆದಿದ್ದೆ. 612 ಹೆಸರು, 34 ನಿಮಿಷ. ಕಮಿಟಿಯಲ್ಲಿ ಇದನ್ನೇ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು ಮಾತ್ರ, "ನೋಡಿ, ನಿಮಗೆ ಸರಿ ಕಂಡರೆ" ಅಂದರು. ಅಯ್ಯನವರು ಹಾಗೆ ಹೇಳಿದರೆ ಬೇಡ ಅಂತ ಅರ್ಥ ಎಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ.

ಈಗ ತಪ್ಪಿನ ವಿಷಯ. ಇದನ್ನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಪರದೆ ತಂದದ್ದೇ ತಪ್ಪು ಅಂತ ನೀವು ತಿಳಿದುಕೊಳ್ಳುತ್ತೀರಿ. ಪರದೆಯದ್ದಲ್ಲ. ಸಭೆಯ ವಾಟ್ಸಾಪ್ ಗುಂಪಿಗೆ ನಾನು ಒಂದು ಸಂದೇಶ ಹಾಕಿದೆ: "ತಮ್ಮ ಮನೆಯಲ್ಲಿ ಕರ್ತನಲ್ಲಿ ನಿದ್ರೆಹೋದವರ ಹೆಸರು, ಫೋಟೊ ಶನಿವಾರ ಸಂಜೆಯೊಳಗೆ ಕಳುಹಿಸಿ." ಕೆಟ್ಟದ್ದು ಇದು. ಈ ಸಂದೇಶಕ್ಕೆ ಉತ್ತರ ಕೊಡಬೇಕಾದರೆ ಸತ್ತವರಿಗೆ ಬದುಕಿರುವ ನೆಂಟರು ಬೇಕು. ಆ ನೆಂಟರು ಇನ್ನೂ ಇದೇ ಸಭೆಯಲ್ಲಿರಬೇಕು, ಅವರಲ್ಲಿ ಸ್ಮಾರ್ಟ್‌ಫೋನ್ ಇರಬೇಕು, ಗುಂಪಿನಲ್ಲಿ ಸೇರಿರಬೇಕು, ಜೊತೆಗೆ ಸತ್ತವರು ಬದುಕಿದ್ದಾಗ ಒಂದು ಫೋಟೊ ತೆಗೆಸಿಕೊಂಡಿರಬೇಕು. ಅನಾಥಶಾಲೆಯ ಸುಶೀಲೆಯ ಪರವಾಗಿ ಶನಿವಾರ ಸಂಜೆಯೊಳಗೆ ಯಾರು ಕಳುಹಿಸುತ್ತಾರೆ? ಬಂದದ್ದು 74 ಹೆಸರು. ನಾನು ಖುಷಿಪಟ್ಟೆ, ಐದು ನಿಮಿಷಕ್ಕೆ ಸರಿಯಾಯಿತು ಅಂತ. ಉಳಿದ 538 ಮಂದಿಯನ್ನು ನಾನು ತೆಗೆದುಹಾಕಿದೆ ಅಂತ ನನಗೆ ಅನ್ನಿಸಲೇ ಇಲ್ಲ, ಅವರು ತಾವಾಗಿ ಬರಲಿಲ್ಲ ಅನ್ನುವ ಹಾಗೆ ಇದ್ದೆ. ಹಳೆಯ ಪುಸ್ತಕ ಓದುವಾಗ ಹೆಸರು ಹೇಳುವುದು ಸಭೆಯ ಕೆಲಸವಾಗಿತ್ತು. ಒಂದೇ ಸಂದೇಶದಲ್ಲಿ ಅದನ್ನು ನಾನು ಮನೆಮನೆಯ ಕೆಲಸ ಮಾಡಿಬಿಟ್ಟೆ.

ಇದರ ಬಾಲದಲ್ಲೇ ಇನ್ನೊಂದು. ಈಸ್ಟರ್‌ಗೆ ಸುಣ್ಣ ಬಳಿಯುವಾಗ ಆಫೀಸಿನ ಕಪಾಟು ಖಾಲಿ ಮಾಡಿ ಹಳೆಯ ಕಾಗದಗಳ ಜೊತೆ ಆ ಪುಸ್ತಕವನ್ನೂ ಗುಜರಿಗೆ ಹಾಕಿದೆ. ಅಸಲು ರಿಜಿಸ್ಟರ್ ಹೇಗೂ ಉಂಟಲ್ಲ ಅಂತ. ಉಂಟು, ಹೌದು. 1884ರಿಂದ 1901ರವರೆಗಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕಪಾಟಿನಿಂದ ತೆಗೆದು ನೋಡಿದ್ದರೆ ತಿಳಿಯುತ್ತಿತ್ತು.

ಆ ಈಸ್ಟರ್ ಬೆಳಗ್ಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಪರದೆ, ಹಿನ್ನೆಲೆಗೆ ಕೀಬೋರ್ಡ್, ಫೋಟೊ, ಕೆಳಗೆ ಹೆಸರು. ಕೆಲವರು ಅತ್ತರು. ಕಾಫಿಗೆ ಇಳಿಯುವಾಗ ಒಬ್ಬ ಅಜ್ಜಿ ನನ್ನ ತೋಳು ಹಿಡಿದರು. ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದವರು, ನಮಗೆಲ್ಲ ಭಾನುವಾರ ಶಾಲೆಯಲ್ಲಿ ಬೈಬಲ್ ವಚನ ಬಾಯಿಪಾಠ ಮಾಡಿಸಿದವರು. ಆ ನಾಲ್ವರಿಗಿಂತ ಮೊದಲು 1957ರಲ್ಲಿ ಒಂದು ಕೂಸಾಗಿ ಒಂಬತ್ತನೇ ದಿನ ಹೋಗಿತ್ತು. "ಸಂತೋಷ, ಒಂಬತ್ತು ದಿನ" ಅಂತ ಓದುವಾಗ ನಾವು ಹುಡುಗರು ಪ್ರತಿವರ್ಷ ಕಿಸಕ್ಕನೆ ನಗುತ್ತಿದ್ದೆವು, ಯಾಕೆಂದರೆ ನಮ್ಮ ಸಾಲಿನಲ್ಲೇ ಒಬ್ಬ ಸಂತೋಷ ನಿಂತಿರುತ್ತಿದ್ದ.

"ನನ್ನ ಕೂಸಿನ ಹೆಸರು ಬಂತಾ ಮಗಾ? ನನಗೆ ಕಣ್ಣು ಸರಿ ಕಾಣುದಿಲ್ಲ, ಕಿವಿಯೂ ಸ್ವಲ್ಪ ಮಂದ."

"ಬಂತಜ್ಜಿ" ಅಂದೆ.

"ಒಳ್ಳೇದಾಯ್ತು" ಅಂದು ಮೆಟ್ಟಿಲು ಇಳಿದರು.

ಜೂನ್‌ನಲ್ಲಿ ಅವರ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಮಳೆ ಹಂಚಿನ ಮೇಲೆ ಬಾರಿಸುತ್ತಿತ್ತು. ನಾನು ಚಾವಡಿಯಲ್ಲಿ ನಿಂತು, ಬೈಬಲ್ ತೆರೆದು, "ತೊಂಬತ್ತನೆಯ ಕೀರ್ತನೆ" ಅಂತ ಹೇಳಿ ಓದತೊಡಗಿದೆ. ಅರ್ಧ ಸಾಲು ಆಗಿಲ್ಲ, ಅಡುಗೆಮನೆಯಿಂದ, ಸ್ಟವ್ ಸದ್ದಿನ ನಡುವೆ, ಅಜ್ಜಿಯ ಸ್ವರ: "ನೀನು ಓದ್ತಾ ಇರುದು ತೊಂಬತ್ತೊಂದು ಮಗಾ." ಎಲ್ಲರೂ ನಕ್ಕರು. ನನಗೆ ಬೆವರು ಬಂತು. ಆ ಮಳೆಯಲ್ಲಿ, ಎರಡು ಗೋಡೆಯ ಆಚೆಯಿಂದ ನನ್ನ ತಪ್ಪು ಹಿಡಿದವರ ಕಿವಿ ಎಲ್ಲಿಯ ಮಂದ!

ಎಲ್ಲರೂ ಹೋದ ಮೇಲೆ, ಕೂಸಿನ ಹೆಸರು ಬಂದಿರಲಿಲ್ಲ ಅಂತ ಹೇಳಿದೆ. ಬೀಡಿ ಎಲೆ ಕತ್ತರಿಸುತ್ತಲೇ ಕೇಳಿದರು. "ಗೊತ್ತುಂಟು. ನೀನು ಎಂತ ಹೇಳ್ತೀ ನೋಡುವ ಅಂತ ಕೇಳಿದ್ದು." ಅಷ್ಟೇ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕ ಗುಜರಿಗೆ ಹೋದದ್ದನ್ನೂ, ಗೆದ್ದಲಿನ ವಿಷಯವನ್ನೂ ಹೇಳಿಕೊಂಡೆ. ಆಗ ಕತ್ತರಿ ಕೆಳಗಿಟ್ಟು, "ಪೆನ್ನು ಉಂಟಾ?" ಅಂದರು.

ಸುಮಾರು ಐವತ್ತು ವರ್ಷ ಈಸ್ಟರ್ ಬೆಳಗ್ಗೆ ಕೇಳಿ ಕೇಳಿ ಪಟ್ಟಿ ಅವರಿಗೆ ಬಾಯಿಪಾಠವಾಗಿತ್ತು. ಅದರ ಉದ್ದೇಶವೇನೂ ಇರಲಿಲ್ಲವಂತೆ. ಒಂಬತ್ತು ದಿನದ ಕೂಸು ಎಲ್ಲಿ ಬರುತ್ತದೆ ಅಂತ ಕಾಯುತ್ತ ಕಾಯುತ್ತ ಅದಕ್ಕೆ ಮುಂಚಿನವರೆಲ್ಲ ಮನಸ್ಸಿನಲ್ಲಿ ಕೂತರು. ಆದರೆ ಒಂದು ತೊಂದರೆ. 1884ರಿಂದ ಹೇಳಿ ಅಂದರೆ ಬರುತ್ತಿರಲಿಲ್ಲ. ಇಸವಿ ಅವರಿಗೆ ಗೊತ್ತಿಲ್ಲ. ಗೀತೆಯನ್ನು ನಡುವಿನಿಂದ ಹಾಡು ಅಂದರೆ ಹೇಗೆ ತಡವರಿಸುತ್ತೇವೋ ಹಾಗೆ, ಪ್ರತಿಸಲ ಮೊದಲ ಹೆಸರಿನಿಂದಲೇ ಹೊರಡಬೇಕು. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಮತ್ತೆ ಮೊದಲಿನಿಂದ. ಏಳು ಸಂಜೆ ಹಿಡಿಯಿತು. ಅವರ ಬೆರಳು ಬೀಡಿ ಸುತ್ತುತ್ತಿರುವಾಗ ಹೆಸರು ಸಲೀಸಾಗಿ ಬರುತ್ತಿತ್ತು, ಕೈ ನಿಲ್ಲಿಸಿದರೆ ಬಾಯಿಯೂ ನಿಲ್ಲುತ್ತಿತ್ತು. ತಂಬಾಕಿನ ಘಾಟಿಗೆ ನಾನು ಸೀನುತ್ತ ಬರೆದುಕೊಂಡೆ.

ರಿಜಿಸ್ಟರ್‌ನಲ್ಲಿ ಉಳಿದದ್ದು, ಅಜ್ಜಿ ಹೇಳಿದ್ದು ಸೇರಿ 609. ಮೂರು ಇಲ್ಲ. ನಾನೇ ಕಮಿಟಿಯಲ್ಲಿ 612 ಅಂತ ಹೆಮ್ಮೆಯಿಂದ ಹೇಳಿದ್ದರಿಂದ ಈ ಲೆಕ್ಕ ಮರೆಯುವ ಹಾಗೂ ಇಲ್ಲ. ಆ ಮೂವರು ಯಾರೆಂದು ಈಗ ಭೂಮಿಯ ಮೇಲೆ ಯಾರಿಗೂ ತಿಳಿಯದು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಯಾರಿಗೂ ಬೇಸರವಾಗದ ದಾರಿ" ಅನ್ನುವುದೇ ನನಗೆ ಒಪ್ಪಿಗೆಯಿಲ್ಲ. ಬೇಸರವಾಗಲಿ. ಮಕ್ಕಳು ಆಕಳಿಸಲಿ, ನಗಲಿ, ಕಾಲು ಬದಲಿಸಲಿ. ನಾನು ಆಕಳಿಸುತ್ತ, ನಗುತ್ತ ಕೇಳಿದ್ದರಿಂದಲೇ ಸಂತೋಷನ ಹೆಸರು ನನಗೆ ಗೊತ್ತಿತ್ತು. ಭಾನುವಾರ ಶಾಲೆಯಲ್ಲಿ ಚಾರ್ಟು, ವಿಡಿಯೊ ಏನು ಬೇಕಾದರೂ ತೋರಿಸಿ, ಆದರೆ ಸಭೆ ಅಂದರೆ ಯಾರು ಅಂತ ಮಗುವಿಗೆ ಕಲಿಸುವ ತರಗತಿ ಆ ಗುಡ್ಡೆಯ ಮೇಲೆ ನಡೆಯುವುದು. ವಿಶ್ವಾಸ ಪ್ರಮಾಣದಲ್ಲಿ ಪ್ರತಿವಾರ "ಪರಿಶುದ್ಧರ ಅನ್ಯೋನ್ಯತೆ" ಅಂತ, ಅಂದರೆ ಬದುಕಿರುವ, ತೀರಿಹೋದ ವಿಶ್ವಾಸಿಗಳೆಲ್ಲ ಒಂದೇ ಬಳಗ ಅಂತ, ಹೇಳಿ ಮುಂದೆ ಓಡುತ್ತೇವಲ್ಲ, ಅದಕ್ಕೆ ಹೆಸರುಗಳಿವೆ, ಅವುಗಳಲ್ಲಿ ಒಬ್ಬ ಹಂಚು ಹೊತ್ತವನು.

ಇದು ಸತ್ತವರಿಗಾಗಿ ಪ್ರಾರ್ಥಿಸಿದ ಹಾಗಾಗುವುದಿಲ್ಲವೇ, ನಾವು ಪ್ರೊಟೆಸ್ಟೆಂಟರಲ್ಲವೇ, ಅದು ನಮ್ಮಲ್ಲಿ ಇಲ್ಲವಲ್ಲ ಅಂತ ನಿಮ್ಮ ಕಮಿಟಿಯಲ್ಲಿ ಒಬ್ಬರು ಕೇಳಿದರು ಅಂದಿರಿ. ನಮ್ಮಲ್ಲೂ ಅಂಥವರೊಬ್ಬರು ಇದ್ದಾರೆ, ಎಲ್ಲ ಸಭೆಯಲ್ಲೂ ಒಬ್ಬರನ್ನು ದೇವರು ಇಟ್ಟಿರುತ್ತಾನೆ. ಅವರಿಗೆ ಹೇಳಿ: ಈಸ್ಟರ್ ಮುಂಜಾನೆ ಸಿಮೆಟ್ರಿಗೆ ಹೋಗುವ ಪದ್ಧತಿಯನ್ನು 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಶುರುಮಾಡಿದವರು ಮೊರೇವಿಯನ್ನರು, ಪಕ್ಕಾ ಪ್ರೊಟೆಸ್ಟೆಂಟರು. ಹಿಂದಿನ ಈಸ್ಟರ್‌ನಿಂದ ಈಚೆಗೆ ಕರ್ತನ ಸನ್ನಿಧಿಗೆ ಹೋದವರನ್ನು ಅವರ ಆ ಆರಾಧನೆಯಲ್ಲಿ ನೆನೆಯುತ್ತಾರೆ. ಸತ್ತವರ ಆತ್ಮವನ್ನು ಬಿಡಿಸಿ ಸ್ವರ್ಗಕ್ಕೆ ಕಳುಹಿಸಲಿಕ್ಕಲ್ಲ, ಸ್ತೋತ್ರ ಸಲ್ಲಿಸಲಿಕ್ಕೆ. ಬರೀ ಆ ವರ್ಷದವರನ್ನು ಓದಿದರೆ ಸಾಲದೇ ಅಂತ ನೀವು ಈಗ ಕೇಳುತ್ತೀರಿ. ಮೊದಲಿನಿಂದ ಆ ಪದ್ಧತಿ ಇದ್ದರೆ ಸಾಕಿತ್ತು. ಎಲ್ಲರನ್ನೂ ಓದುತ್ತಿದ್ದ ಸಭೆ ನಡುವೆ ನಿಲ್ಲಿಸಿದರೆ ಅದು ಬೇರೆ ಸಂಗತಿ.

ಪರದೆ ಬೇಕಾದರೆ ಕೆಳಗೆ ಕಾಫಿ ಕುಡಿಯುವಲ್ಲಿ ಹಾಕಿ, ಫೋಟೊ ಓಡುತ್ತಿರಲಿ. ಓದಲು ಇಬ್ಬರನ್ನು ಇಡಿ, ಒಬ್ಬರ ಗಂಟಲು ಕೈಕೊಡುತ್ತದೆ. ನಾವು ಈಗ ಎರಡನೆಯವರನ್ನಾಗಿ ಆ ವರ್ಷ ದೃಢೀಕರಣವಾದ (ಸಭೆಯ ಪೂರ್ಣ ಸದಸ್ಯರಾದ) ಮಕ್ಕಳಲ್ಲಿ ಒಬ್ಬರನ್ನು ನಿಲ್ಲಿಸುತ್ತೇವೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಹಳೆಯ ಹೆಸರು ಓದಲು ಒದ್ದಾಡುತ್ತಾರೆ, ಒದ್ದಾಡಲಿ, ಒಂದು ವಾರ ಮೊದಲೇ ಪುಟ ಕೊಟ್ಟುಬಿಡಿ. ಹೆಸರಿನ ಪುಸ್ತಕ ಕೈಬರಹದಲ್ಲಿ ಎರಡು ಪ್ರತಿ ಇರಲಿ, ಒಂದು ಆಫೀಸಿನಲ್ಲಿ, ಇನ್ನೊಂದು ಹೊಗೆಯಾಡುವ ಅಡುಗೆಮನೆ ಇರುವ ಯಾರದಾದರೂ ಮನೆಯಲ್ಲಿ, ಗೆದ್ದಲಿನ ಕಾಟ ಕಡಿಮೆ ಅನ್ನುತ್ತಾರೆ.

ಕೊನೆಯಲ್ಲಿ ಒಂದು ಸಾಲು ಕೇಳಿದ್ದೀರಿ, ಸಭೆಯ ಶಿಸ್ತುಕ್ರಮಕ್ಕೆ ಒಳಗಾಗಿ ಹೊರಗುಳಿದು ಸತ್ತವರ ಹೆಸರು ತೆಗೆಯಬಹುದೇ ಅಂತ. ನಿಮ್ಮ ಅಸಲು ಪ್ರಶ್ನೆ ಇದೇ ಇರಬೇಕು ಅಂತ ನನ್ನ ಗುಮಾನಿ. ತೆಗೆಯಬೇಡಿ. ಮತ್ತಾಯನ ಸುವಾರ್ತೆ ತೆರೆದರೆ ಮೊದಲು ಸಿಗುವುದೇ ಕ್ರಿಸ್ತನ ವಂಶಾವಳಿ, ಬರೀ ಹೆಸರುಗಳು. ಅಲ್ಲಿ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಊರೀಯನ ಹೆಂಡತಿ ಇದ್ದಾಳೆ, ಊರು ಬೆರಳು ತೋರಿಸುವಂಥ ಕತೆಯವರು. ಅವರನ್ನು ಬಿಟ್ಟು ಓದಿದರೆ ಕ್ರಿಸ್ತನವರೆಗೆ ತಲುಪುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಒಂದು ಹೆಸರಿನ ಬಗ್ಗೆ ಅಜ್ಜಿಗೂ ಇನ್ನೊಬ್ಬ ಹಿರಿಯರಿಗೂ ಇವತ್ತಿಗೂ ಜಗಳ ಉಂಟು. ಇವರು ದೇವದಾಸ ಅನ್ನುತ್ತಾರೆ, ಅವರು ದೇವಪ್ರಸಾದ. ಎರಡನ್ನೂ ಓದುತ್ತೇವೆ. 2020ರ ಲಾಕ್‌ಡೌನ್ ಈಸ್ಟರ್‌ನಲ್ಲಿ ಗುಡ್ಡೆ ಹತ್ತುವ ಹಾಗಿರಲಿಲ್ಲ, ಅಜ್ಜಿ ಜಗಲಿಯಲ್ಲಿ ಕೂತು ಎಲ್ಲ ಹೆಸರು ಒಬ್ಬರೇ ಹೇಳಿದರಂತೆ. ಆವತ್ತು ಮಾತ್ರ ದೇವಪ್ರಸಾದನನ್ನು ಬಿಟ್ಟಿದ್ದರು.