ನಾಶವಾದ ಮೆಗಾರಾ ಮೇಲೆ ಅಥೆನ್ಸ್ ನಿಷೇಧ ಹಾಕಿದ್ದು ಹೇಗೆ?

ನಿಮ್ಮ ಟಿಪ್ಪಣಿಯಲ್ಲಿ ಮೆಗಾರಾ ಅನ್ನುವ ಹೆಸರಿನ ಎರಡು ಪ್ರಾಚೀನ ಗ್ರೀಕ್ ಊರುಗಳು ಬೆರೆತುಹೋಗಿರಬೇಕು. ಅದಕ್ಕೇ ಕ್ರಿ.ಪೂ. 483ರ ಸುಮಾರಿಗೆ ಹಾಳಾದ ಊರಿನ ಮೇಲೆ 432ರ ಹೊತ್ತಿಗೆ ಅಥೆನ್ಸ್ ವ್ಯಾಪಾರ ನಿಷೇಧ ಹಾಕಿದ ಹಾಗೆ ನಿಮಗೆ ಕಾಣುತ್ತಿದೆ. ಹಾಳಾಗಿದ್ದು ಸಿಸಿಲಿಯ ಮೆಗಾರಾ ಹೈಬ್ಲಿಯಾ, ಮೂಲ ಮೆಗಾರಾದವರು ಹೋಗಿ ಕಟ್ಟಿದ ಊರು. ಸಿಸಿಲಿಯದೇ ಸಿರಕ್ಯೂಸ್ ನಗರದ ದೊರೆ ಗೆಲಾನ್ ಅದನ್ನು ಗೆದ್ದು, ಶ್ರೀಮಂತರನ್ನು ತನ್ನ ಊರಿನ ಪೌರರನ್ನಾಗಿ ಮಾಡಿಕೊಂಡ, ಬಡವರನ್ನು ಗುಲಾಮರಾಗಿ ಮಾರಿದ. ಯುದ್ಧ ಎಬ್ಬಿಸಿದ್ದು ಆ ಶ್ರೀಮಂತರೇ ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ, ಎಂಥ ನ್ಯಾಯ ನೋಡಿ!

ಮೊದಲು ಗೆಲಾನ್, ಸಿರಕ್ಯೂಸ್, ಸೆಲಿನಸ್ (ಮೆಗಾರಾ ಹೈಬ್ಲಿಯಾದವರು ಕಟ್ಟಿದ ಊರು) ಹೆಸರು ಬರುವ ಸಾಲುಗಳನ್ನೆಲ್ಲ ಟಿಪ್ಪಣಿಯಿಂದ ಬೇರೆ ತೆಗೆದಿಡಿ. ಆಮೇಲೆ ನಿಸೈಯಾ, ಪೆಗೈ ಬಂದರುಗಳು, ಸಲಾಮಿಸ್ ದ್ವೀಪಕ್ಕಾಗಿ ಅಥೆನ್ಸ್ ಜೊತೆ ಜಗಳ, ಸರ್ವಾಧಿಕಾರಿ ಥಿಯಾಜೆನಿಸ್, ಬೈಜಾಂಟಿಯಮ್ (ಇಂದಿನ ಇಸ್ತಾಂಬುಲ್) ಕಟ್ಟಿದ್ದು, ಇವೆಲ್ಲ ಅಥೆನ್ಸ್‌ಗೂ ಕೊರಿಂತ್‌ಗೂ ನಡುವೆ ಇರುವ ಮೂಲ ಮೆಗಾರಾಕ್ಕೆ ಸೇರಿಸಿ. ನಿಷೇಧವೂ ಅದರ ಮೇಲೆಯೇ.

ನಿಷೇಧದ ವರ್ಷದ ಮುಂದೆ ‘ಸುಮಾರು’ ಅಂತ ಹಾಕಿ. ಮೆಗಾರಾದವರು ದೇವರಿಗೆ ಮೀಸಲಾದ ಪವಿತ್ರ ಭೂಮಿಯನ್ನು ಉಳುಮೆ ಮಾಡಿದರು, ಓಡಿಬಂದ ಗುಲಾಮರಿಗೆ ಆಶ್ರಯ ಕೊಟ್ಟರು ಅನ್ನುವುದು ಅಥೆನ್ಸ್ ಕೊಟ್ಟ ಕಾರಣ. ನಿಜವಾದ ಉದ್ದೇಶ ಏನು ಅಂತ ಇತಿಹಾಸಕಾರರು ಇನ್ನೂ ಜಗಳ ಆಡುತ್ತಿದ್ದಾರೆ, ಹಾಗಾಗಿ ಅಲ್ಲಿ ಒಂದೇ ಉತ್ತರ ಬರೆಯಬೇಡಿ.