ಶಿಕಾರಿ ಮನೆಗೆ ಟಿವಿ: ಮೊದಲು ಆಕಾಶ ಹುಡುಕಿ, ಆಮೇಲೆ ಡಿಶ್ ಕೊಳ್ಳಿ

ಪ್ರಶ್ನೆ: ಸಕಲೇಶಪುರದಿಂದ ಒಳಗೆ, ನಮ್ಮ ಕಾಫಿ ತೋಟದ ತುದಿಯಲ್ಲಿ ತಾತನ ಕಾಲದ ಶಿಕಾರಿ ಮನೆ ಇದೆ. ಕರೆಂಟಿಲ್ಲ, ಮೊಬೈಲ್ ಸಿಗಲ್ಲ. ಮುಂದೆ ಸಣ್ಣದೊಂದು ಕಣ, ಉಳಿದಂತೆ ಸುತ್ತಲೂ ಸಿಲ್ವರ್ ಮರ. ಕುಯ್ಲಿನ ಸಮಯದಲ್ಲಿ ಕಾವಲಿಗೆ ಮೂವರು ಅಲ್ಲೇ ಮಲಗುತ್ತಾರೆ. ತಿಂಗಳು ತಿಂಗಳು ದುಡ್ಡು ಕಟ್ಟದ ಹಾಗೆ ಅಲ್ಲಿ ಟಿವಿ ಹಾಕಿಸೋದು ಹೇಗೆ?

ಉತ್ತರ:

ನಮ್ಮದು ಮೂಡಿಗೆರೆ ಕಡೆ. ನಮ್ಮ ತೋಟದಲ್ಲೂ ಅಂಥದ್ದೇ ಒಂದು ಮನೆ ಇದೆ, ಅದಕ್ಕೂ ಶಿಕಾರಿ ಮನೆ ಅಂತಲೇ ಹೆಸರು. 1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿ ನಿಂತು ಎಷ್ಟೋ ವರ್ಷ ಆಯಿತು. ಈಗ ಅಲ್ಲಿರೋದು ಕಾವಲಿನವರು, ಎರಡು ಮಂಚ, ಒಂದು ಟಿವಿ. ಆ ಟಿವಿ ಸರಿಯಾಗಿ ಬರುವ ಹೊತ್ತಿಗೆ ನಾನು ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ. ನೀವು ಕಳೆದುಕೊಳ್ಳೋದು ಬೇಡ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಿಂಗಳ ದುಡ್ಡು ಬೇಡ ಅಂದರೆ ಇರುವ ದಾರಿ ಒಂದೇ, ಡಿಡಿ ಫ್ರೀ ಡಿಶ್. ಪ್ರಸಾರ ಭಾರತಿಯವರದು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾಯಿತು. ಡಿಶ್, ಅದರ ಮೂತಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಸೆಟ್ ಟಾಪ್ ಬಾಕ್ಸ್, ಕೇಬಲ್ ಇಷ್ಟಕ್ಕೆ ಒಂದು ಸಲ ಕೊಟ್ಟರೆ ಮುಗಿಯಿತು. ನನಗೆ ಎಲ್ಲ ಸೇರಿ 2,000 ರೂಪಾಯಿ ಒಳಗೇ ಆಯಿತು, ಟಿವಿ ಬಿಟ್ಟು. ಬಾಕ್ಸ್ ತೆಗೆದುಕೊಳ್ಳುವಾಗ ಎಂಪೆಗ್-4 ಬಾಕ್ಸ್ ಅಂತ ಕೇಳಿಯೇ ತೆಗೆದುಕೊಳ್ಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಒಂದಷ್ಟು ಚಾನೆಲ್ ಬರುವುದೇ ಇಲ್ಲ. ಅಟ್ಟದ ಮೇಲೆ ಹಳೆಯ ಮೀನಿನ ಮುಳ್ಳಿನಂಥ ಆಂಟೆನಾ ಇದ್ದರೆ ಅದನ್ನು ಗುಜರಿಗೆ ಹಾಕಿ. ದೂರದರ್ಶನದ ಹಳೆ ಟವರುಗಳು ಬಹುತೇಕ ಎಲ್ಲ ನಿಂತಿವೆ.

ಇನ್ನು ಮೊದಲೇ ಹೇಳಿಬಿಡಬೇಕಾದ ಮಾತು. ಕನ್ನಡ ಸೀರಿಯಲ್ ನೋಡಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಫ್ರೀ ಡಿಶ್ ನಿರಾಸೆ ಮಾಡುತ್ತದೆ. ಚಂದನ ಬಂದೇ ಬರುತ್ತದೆ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಹಿಡಿದು ಬರುವಂಥವು. ಇವತ್ತು ಇದ್ದದ್ದು ಮುಂದಿನ ವರ್ಷ ಇರಬೇಕು ಅಂತೇನಿಲ್ಲ. ಹಿಂದಿ, ಭೋಜ್‌ಪುರಿ ಚಾನೆಲ್ ಮಾತ್ರ ಬೇಕಾದಷ್ಟಿವೆ. ನಮ್ಮ ಕಾವಲಿನವರಲ್ಲಿ ಇಬ್ಬರು ಅಸ್ಸಾಂನವರು. ಡಿಡಿ ಅಸ್ಸಾಂ ಬಂದ ದಿನ ಅವರ ಮುಖ ನೋಡಬೇಕಿತ್ತು! ನಮ್ಮ ಮೇಸ್ತ್ರಿಗೆ ಮಾತ್ರ ಇವತ್ತಿಗೂ ಸಮಾಧಾನ ಇಲ್ಲ. ಹಾಗಾಗಿ ಯಾರು ನೋಡುತ್ತಾರೆ ಅನ್ನೋದನ್ನು ಮೊದಲು ಕೇಳಿಕೊಳ್ಳಿ. ಕ್ರಿಕೆಟ್ ವಿಷಯ ಹೇಳೋದಾದರೆ, 2007ರ ಕಾನೂನಿನ ಪ್ರಕಾರ ದೇಶಕ್ಕೆ ಮುಖ್ಯ ಅಂತ ಗುರುತಿಸಿದ ಪಂದ್ಯಗಳನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಅಂಥವು ಡಿಡಿ ಸ್ಪೋರ್ಟ್ಸ್‌ನಲ್ಲಿ ಸಿಗುತ್ತವೆ. ಐಪಿಎಲ್ ಆ ಪಟ್ಟಿಯಲ್ಲಿಲ್ಲ.

ಈಗ ಡಿಶ್ ವಿಷಯಕ್ಕೆ ಬರೋಣ. ನಾನು ಎಡವಿದ್ದು ಇಲ್ಲೇ.

ಮೊದಲ ಸಲ ಪೇಟೆಯಿಂದ ಹುಡುಗನೊಬ್ಬನನ್ನು ಕರೆಸಿದೆ. ಅವನು ಬಂದವನೇ ಏಣಿ ಕೇಳಿ, ತಗಡಿನ ಮೇಲೆ ಹತ್ತಿ, ಡಿಶ್ ಕೂರಿಸಿ, ಚಿತ್ರ ತೋರಿಸಿ ಹೋದ. ಜನವರಿ ತಿಂಗಳು. ಚೆನ್ನಾಗಿಯೇ ಬರುತ್ತಿತ್ತು. ಜೂನ್ ಗಾಳಿಗೆ ತಗಡು ಅಲುಗಾಡಿತು, ಅದರ ಜೊತೆ ಡಿಶ್ಶೂ ಅಲುಗಾಡಿತು. ಉಪಗ್ರಹ ನಮ್ಮಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಆಚೆ ಇದೆ. ಇಲ್ಲಿ ಎರಡು ಡಿಗ್ರಿ ತಿರುಗಿದರೆ ಸಾಕು, ಚಿತ್ರ ಮಾಯ. ಜಾರುವ ತಗಡಿನ ಮೇಲೆ ಮಳೆಯಲ್ಲಿ ಯಾರು ಹತ್ತುತ್ತಾರೆ? ಆ ವರ್ಷ ದೀಪಾವಳಿವರೆಗೂ ಟಿವಿ ಸುಮ್ನೆ ಕೂತಿತ್ತು.

ಡಿಶ್ ಎತ್ತರದಲ್ಲೇ ಇರಬೇಕು ಅನ್ನೋದು ಹಳೆಯ ಆಂಟೆನಾ ಕಾಲದ ಅಭ್ಯಾಸ. ಉಪಗ್ರಹಕ್ಕೆ ನಾಲ್ಕು ಮೀಟರ್ ಮೇಲೆ ಇದ್ದರೇನು, ನೆಲದಲ್ಲಿದ್ದರೇನು? ನಡುವೆ ಮರ ಇರಬಾರದು, ಅಷ್ಟೇ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸಕಲೇಶಪುರದಲ್ಲಿ ನಿಂತು ನೋಡಿದರೆ ಅದು ಆಗ್ನೇಯಕ್ಕೆ ಬರುತ್ತದೆ, ಕಂಪಾಸಿನಲ್ಲಿ ಸುಮಾರು 125 ಡಿಗ್ರಿ. ನೆಲದಿಂದ ಸುಮಾರು 64 ಡಿಗ್ರಿ ಮೇಲೆ. ಅಂದರೆ ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ನಮ್ಮಂಥವರ ಪುಣ್ಯ ಇದು. 60 ಅಡಿ ಸಿಲ್ವರ್ ಮರ ಇದ್ದರೂ ಡಿಶ್ ಅದರಿಂದ 30 ಅಡಿ ಈಚೆ ಇದ್ದರೆ ಸಾಕು, ದೃಷ್ಟಿ ಮರದ ತುದಿ ದಾಟಿ ಹೋಗುತ್ತದೆ.

ನಿಮ್ಮ ಕಣ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಾಫಿ ಒಣಗಲಿ ಅಂತ ಹೇಗೂ ನೆರಳು ಕಡಿದಿರುತ್ತೀರಿ ಅಲ್ವಾ? ಕಣದ ವಾಯವ್ಯ ಮೂಲೆಯಲ್ಲಿ, ಸಿಮೆಂಟ್ ಹಾಕಿ ಒಂದು ಜಿಐ ಪೈಪ್ ನೆಡಿ. ಪೈಪ್ ನೆಟ್ಟಗಿರಬೇಕು, ಮಟ್ಟಗೋಲು ಇಟ್ಟು ನೋಡಿ. ಸೊಂಟದ ಎತ್ತರ ಸಾಕು. ಅಲ್ಲಿಂದ ಆಗ್ನೇಯಕ್ಕೆ ಕಣದ ಉದ್ದಕ್ಕೂ ಬಯಲು ಸಿಗುತ್ತದೆ. ಕಾಫಿ ಹರಡುವಾಗ ಕಾಲಿಗೆ ಸಿಗದ ಹಾಗೆ ಮೂಲೆಯಲ್ಲೇ ಇರಲಿ, ಇಲ್ಲದಿದ್ದರೆ ಹೆಂಗಸರು ಬೈಯುತ್ತಾರೆ. ನಮ್ಮಲ್ಲಿ ಬೈದರು.

ಮರ ಅಡ್ಡ ಬರುತ್ತದೋ ಇಲ್ಲವೋ ನೋಡಲು ದುಡ್ಡಿಲ್ಲದ ಒಂದು ಉಪಾಯ ಇದೆ. ಮಾರ್ಚ್ ಮಧ್ಯದಲ್ಲಿ ಬೆಳಗ್ಗೆ ಹನ್ನೊಂದೂ ಕಾಲಿನ ಆಸುಪಾಸು, ಹಾಗೆಯೇ ಸೆಪ್ಟೆಂಬರ್ ಕೊನೆಯಲ್ಲಿ ಹನ್ನೊಂದರ ಆಸುಪಾಸು, ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಆ ಹೊತ್ತಿಗೆ ನೀವು ಪೈಪ್ ನೆಡಬೇಕು ಅಂದುಕೊಂಡ ಜಾಗದಲ್ಲಿ ಬಿಸಿಲು ಬಿದ್ದಿದ್ದರೆ ದಾರಿ ಖುಲ್ಲಾ. ನೆರಳಿದ್ದರೆ ಆ ನೆರಳು ಯಾವ ಕೊಂಬೆಯದು ನೋಡಿ, ಮರಗಸಿಯಲ್ಲಿ, ಅಂದರೆ ನೆರಳಿನ ಮರದ ಕೊಂಬೆ ಕಡಿಸುವಾಗ, ಅದಷ್ಟನ್ನೇ ತೆಗೆಸಿ. (ಆ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಡಿಶ್ ಕೆಟ್ಟಿತು ಅಂತ ಸ್ಕ್ರೂ ತಿರುಗಿಸಲು ಹೋಗಬೇಡಿ.) ಬೇರೆ ದಿನ ಆದರೆ ಫೋನಿನ ಕಂಪಾಸ್ ಸಾಕು. ಆದರೆ ಕಬ್ಬಿಣದ ಪೈಪ್ ಪಕ್ಕ ಹಿಡಿದರೆ ಅದು ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ.

ಡಿಶ್ ಅಂಗಡಿಯದೇ ಆಗಬೇಕು ಅಂತಿಲ್ಲ. ನಿಮ್ಮ ತೋಟದ ಲೈನ್ ಮನೆಗಳ (ಕೆಲಸದವರ ಸಾಲು ಮನೆಗಳ) ಮೇಲೆ ರೀಚಾರ್ಜ್ ಮಾಡದೆ ಬಿಟ್ಟ ಡಿಶ್‌ಗಳು ಎರಡಾದರೂ ಇರುತ್ತವೆ. ಅದರಲ್ಲಿ ಸನ್ ಡೈರೆಕ್ಟ್‌ನದು ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ, ಯಾಕೆಂದರೆ ಅದೂ ಇದೇ 93.5ರ ಕಡೆಗೇ ಮುಖ ಮಾಡಿರುತ್ತದೆ. ಅದು ಯಾವ ಕಡೆ, ಎಷ್ಟು ವಾಲಿದೆ ಅಂತ ಫೋಟೊ ತೆಗೆದುಕೊಂಡು ಬಂದು ನಿಮ್ಮ ಕಣದಲ್ಲಿ ಹಾಗೆಯೇ ಕೂರಿಸಬಹುದು. ಟಾಟಾದ್ದು 83, ಡಿ2ಎಚ್ 88, ಏರ್‌ಟೆಲ್ 108.2 ಡಿಗ್ರಿ. ಡಿಶ್ ಟಿವಿ 95, ಪಕ್ಕದಲ್ಲೇ ಇರುವುದರಿಂದ ಮೋಸ ಹೋಗೋದು ಸುಲಭ. ಸಿಗ್ನಲ್ ಬಂತು ಅಂತ ಖುಷಿಪಟ್ಟರೆ ಚಾನೆಲ್ಲೇ ಬರಲ್ಲ. ಬೇರೆ ಕಂಪನಿಯ ತಟ್ಟೆ ಆದರೂ ತೊಂದರೆಯಿಲ್ಲ, ತಿರುಗಿಸಿಕೊಂಡರೆ ಆಯಿತು. ತುಕ್ಕು ಹಿಡಿದು ಸೊಟ್ಟಗಾದದ್ದು ಮಾತ್ರ ಬೇಡ. ಎಲ್‌ಎನ್‌ಬಿ ಹೊಸದೇ ಹಾಕಿ, ದೊಡ್ಡ ಖರ್ಚಲ್ಲ.

ಸನ್ ಡೈರೆಕ್ಟ್ ಕೂಡ ಅದೇ ಕಡೆ ಇರುವುದರಿಂದ ಇನ್ನೊಂದು ಅನುಕೂಲ ಇದೆ. ನಾಳೆ ಕಾವಲಿನವರು ಕನ್ನಡ ಚಾನೆಲ್ ಬೇಕೇ ಬೇಕು ಅಂತ ಹಟ ಹಿಡಿದರೆ ಡಿಶ್ ಮುಟ್ಟದೆ ಸನ್ ಡೈರೆಕ್ಟ್ ಬಾಕ್ಸ್ ಮಾತ್ರ ತಂದು ಹಾಕಬಹುದು. ಕುಯ್ಲಿನ ತಿಂಗಳು ಮಾತ್ರ ರೀಚಾರ್ಜ್ ಮಾಡಿ, ಮುಗಿದ ಮೇಲೆ ಬಿಡುವುದು. ನಾನಿನ್ನೂ ಅದಕ್ಕೆ ಒಪ್ಪಿಲ್ಲ. ಮೇಸ್ತ್ರಿ ದಿನಾ ಕೇಳುತ್ತಿದ್ದಾನೆ.

ಕೂರಿಸುವಾಗ ಟಿವಿಯನ್ನೂ ಬಾಕ್ಸನ್ನೂ ಕಣಕ್ಕೇ ತನ್ನಿ. ಒಬ್ಬ ಒಳಗೆ ಕೂತು "ಬಂತೂ... ಹೋಯ್ತೂ..." ಅಂತ ಕೂಗುವುದು, ಇನ್ನೊಬ್ಬ ಹೊರಗೆ ತಿರುಗಿಸುವುದು ಬೇಡ. ಬಾಕ್ಸಿನ ಮೆನುವಿನಲ್ಲಿ ಜಿಸ್ಯಾಟ್-15 ಆರಿಸಿ. ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಡಿಶ್ ಗೋಡೆಗೆ ಮುಖ ಮಾಡಿದ್ದರೂ ಸ್ಟ್ರೆಂತ್ ತೋರಿಸುತ್ತದೆ, ಅದನ್ನು ನಂಬಬೇಡಿ. ಕ್ವಾಲಿಟಿ ನೋಡಿ. ಬೆರಳಗಲ ತಿರುಗಿಸಿ, ಮೂರು ಸೆಕೆಂಡ್ ಕಾಯಿರಿ, ಮತ್ತೆ ತಿರುಗಿಸಿ. ಬಾಕ್ಸಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಅವಸರದಲ್ಲಿ ತಿರುಗಿಸಿದರೆ ಉಪಗ್ರಹ ದಾಟಿ ಹೋಗಿರುತ್ತೀರಿ. ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಆಚೀಚೆ ತಿರುಚಿ ನೋಡಿ. ಉಪಗ್ರಹ ನಮ್ಮ ನೆತ್ತಿಗಿಂತ ತುಂಬ ಪೂರ್ವಕ್ಕೆ ಇರುವುದರಿಂದ ನಮ್ಮ ಕಡೆ ಎಲ್‌ಎನ್‌ಬಿ ನೆಟ್ಟಗೆ ಇದ್ದರೆ ಆಗುವುದಿಲ್ಲ, ಒಂದು ಕಡೆ ಚೆನ್ನಾಗಿಯೇ ವಾಲಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ, ಮಳೆ ಬಂದಾಗ ಗೊತ್ತಾಗುತ್ತದೆ.

ಮಳೆ ವಿಷಯದಲ್ಲಿ ಸುಳ್ಳು ಭರವಸೆ ಕೊಡಲ್ಲ. ಜುಲೈನಲ್ಲಿ ಜಡಿಮಳೆ ಜೋರಾದಾಗ ಚಿತ್ರ ಚೌಕ ಚೌಕವಾಗಿ ಒಡೆದು ಹೋಗಿಯೇ ಹೋಗುತ್ತದೆ. ಈ ಅಲೆಗಳನ್ನು ಮಳೆಹನಿ ನುಂಗುತ್ತದೆ. ಅದಕ್ಕೇ 60 ಸೆಂಟಿಮೀಟರ್ ಬದಲು 90 ಸೆಂಟಿಮೀಟರ್ ಡಿಶ್ ಹಾಕಿ. ಅದರ ಅಗಲ ಒಂದೂವರೆ ಪಟ್ಟು, ಹಿಡಿಯುವ ಸಿಗ್ನಲ್ ಎರಡೂ ಕಾಲು ಪಟ್ಟು. ಸಾಧಾರಣ ಮಳೆ ತಡೆಯುತ್ತದೆ. ಒದ್ದೆ ಎಲೆ ಮಳೆಗಿಂತ ಜಾಸ್ತಿ ಕಾಟ, ಹಾಗಾಗಿ ಅಡ್ಡ ಇರುವ ಕೊಂಬೆ ಉಳಿಸಬೇಡಿ.

ಇನ್ನು ಕರೆಂಟು. ಇನ್ವರ್ಟರ್ ಹಾಕಬೇಡಿ, ಬ್ಯಾಟರಿಯ 12 ವೋಲ್ಟನ್ನು 230 ಮಾಡಿ ಮತ್ತೆ 12ಕ್ಕೆ ಇಳಿಸುವುದು ಸುಮ್ನೆ ನಷ್ಟ. 12 ವೋಲ್ಟಿನಲ್ಲೇ ಓಡುವ 24 ಇಂಚಿನ ಎಲ್‌ಇಡಿ ಟಿವಿ ಸಿಗುತ್ತದೆ. ಫ್ರೀ ಡಿಶ್ ಬಾಕ್ಸ್‌ಗಳಲ್ಲಿ ಬಹಳಷ್ಟು 12 ವೋಲ್ಟ್ ಅಡಾಪ್ಟರಿನವೇ. ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ ತೆಗೆದುಕೊಳ್ಳಿ. ಎರಡೂ ಸೇರಿ 40 ವ್ಯಾಟ್ ಅಂದುಕೊಳ್ಳಿ. ರಾತ್ರಿ ಮೂರು ಗಂಟೆ ನೋಡಿದರೆ 120 ವ್ಯಾಟ್ ಅವರ್. 12 ವೋಲ್ಟ್, 40 ಎಎಚ್ ಬ್ಯಾಟರಿಯಲ್ಲಿ 480 ಇರುತ್ತದೆ, ಸೀಸದ ಬ್ಯಾಟರಿ ಆದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ ಎರಡು ರಾತ್ರಿ. 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಕುಯ್ಲಿನ ಕಾಲದಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿವರೆಗೆ, ಅದನ್ನು ಆರಾಮಾಗಿ ತುಂಬುತ್ತದೆ. ಪ್ಯಾನೆಲನ್ನೂ ಕಣದಲ್ಲೇ ಇಡಿ, ತಗಡಿನ ಮೇಲೆ ಸಿಲ್ವರ್ ಎಲೆ ಉದುರಿ ಮುಚ್ಚಿಬಿಡುತ್ತದೆ. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಮಳೆಗಾಲದಲ್ಲಿ ಸೂರ್ಯನೇ ಇಲ್ಲ, ಪ್ಯಾನೆಲ್ ಏನು ಮಾಡೀತು? ನಾವು ಎರಡು ಬ್ಯಾಟರಿ ಇಟ್ಟುಕೊಂಡಿದ್ದೇವೆ. ಒಂದು ಅಲ್ಲಿ, ಇನ್ನೊಂದು ತೋಟದ ಮನೆಯಲ್ಲಿ ಚಾರ್ಜಿಗೆ. ಜೀಪು ಹೋದಾಗ ಬದಲಾಯಿಸುತ್ತೇವೆ.

ಎರಡನೇ ಸಲ ದುಡ್ಡು ಹೋದದ್ದು ಸಿಡಿಲಿಗೆ. ಕಾಫಿ ಹೂ ಅರಳಿಸುವ ಹೂಮಳೆ ಬರುವ ಮಾರ್ಚ್, ಏಪ್ರಿಲ್, ಮೇನಲ್ಲೇ ನಮ್ಮಲ್ಲಿ ಗುಡುಗು ಸಿಡಿಲು ಜಾಸ್ತಿ. ಹೂಮಳೆ ಬಂತಲ್ಲ ಅಂತ ನಾವೆಲ್ಲ ಖುಷಿಯಲ್ಲಿದ್ದೆವು. ಅತ್ತ ಡಿಶ್ ಕೇಬಲ್ ಟಿವಿಗೆ ಚುಚ್ಚಿಯೇ ಇತ್ತು. ಸಿಡಿಲು ಬಿದ್ದದ್ದು ದೂರದ ಮರಕ್ಕೆ, ಸುಟ್ಟದ್ದು ಎಲ್‌ಎನ್‌ಬಿ, ಬಾಕ್ಸ್, ಟಿವಿ ಮೂರೂ. ಈಗ ಪೈಪಿನ ಬುಡಕ್ಕೆ ಅರ್ಥಿಂಗ್ ಕೊಟ್ಟಿದ್ದೇವೆ. ಆದರೆ ಅದನ್ನೇ ನಂಬಿ ಕೂರಲ್ಲ. ಮೋಡ ಕಪ್ಪಾದ ಕೂಡಲೇ ಬಾಕ್ಸಿನ ಹಿಂದಿನ ಕೇಬಲ್ ಬಿಚ್ಚಿ ಕಿಟಕಿಯಾಚೆ ಹಾಕಬೇಕು ಅಂತ ಕಾವಲಿನವರಿಗೆ ಕಟ್ಟುನಿಟ್ಟು. ಗುಡುಗು ಕೇಳಿಸಲು ಶುರುವಾದ ಮೇಲೆ ಅದನ್ನು ಮುಟ್ಟಲೂಬಾರದು.

ಚಿಲ್ಲರೆ ಕಾಟಗಳೂ ಇವೆ. ಕೇಬಲ್ ಆರ್‌ಜಿ-6 ತೆಗೆದುಕೊಳ್ಳಿ, ನಡುವೆ ಗಂಟು ಹಾಕಿ ಜೋಡಿಸಬೇಡಿ. ಕೇಬಲ್ ತುದಿಯಲ್ಲಿ ನೀರು ಇಳಿದರೆ ಒಳಗಿನ ತಂತಿ ಹಸಿರುಗಟ್ಟುತ್ತದೆ. ಎಲ್‌ಎನ್‌ಬಿ ಹತ್ತಿರ ಕೇಬಲನ್ನು ಒಂದು ಸುತ್ತು ಕೆಳಗೆ ಇಳಿಬಿಟ್ಟು, ಆಮೇಲೆ ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನೆಲದಲ್ಲಿ ಹೋಗುವ ಕೇಬಲನ್ನು ನೀರಿನ ಪೈಪಿನೊಳಗೆ ಹಾಕಿ ಹೂಳಿ, ಇಲ್ಲದಿದ್ದರೆ ಇಲಿ, ಹೆಗ್ಗಣ ಕಡಿಯುತ್ತವೆ. ಎಲ್‌ಎನ್‌ಬಿ ಬಾಯಿಗೆ ಕಣಜ ಮಣ್ಣು ಮೆತ್ತುತ್ತದೆ. ವರ್ಷಕ್ಕೊಮ್ಮೆ ನೋಡಿ. ಮಂಗಗಳಿಗೆ ಮದ್ದಿಲ್ಲ. ಡಿಶ್ ಸೊಂಟದೆತ್ತರ ಇದ್ದರೆ ಅವು ತಿರುಗಿಸಿ ಹೋದದ್ದನ್ನು ನೀವೇ ಸರಿ ಮಾಡಬಹುದು. ಅದಕ್ಕಾಗಿ ಪೈಪಿನ ಮೇಲೂ ಡಿಶ್ ಹಿಡಿಕೆಯ ಮೇಲೂ ಸೇರುವ ಹಾಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆಗೆ ಗೆರೆ ಕೂಡಿಸಿದರೆ ಚಿತ್ರ ವಾಪಸ್.

ನಿಮ್ಮ ಕಣದ ಮೂಲೆಯಿಂದ ಮನೆಯೊಳಗೆ ಟಿವಿ ಇಡುವ ಜಾಗಕ್ಕೆ ಎಷ್ಟು ದೂರ ಇದೆ, ಅಳೆದು ಹೇಳಿ. 30 ಮೀಟರ್ ಒಳಗಿದ್ದರೆ ಇಷ್ಟು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಕೇಬಲ್ ಬೇರೆ ನೋಡಬೇಕಾಗುತ್ತದೆ.